ಆರ್‌ಕ್ಲೋನ್: ಎಂಟನೆಯ ದಿನ ಎಡವಿದ್ದು ನಾನೇ

ನಮ್ಮ ತಾಳಮದ್ದಲೆ ಸಂಘದ ಹಳೆಯ ಧ್ವನಿಮುದ್ರಣಗಳೆಲ್ಲ ಗೂಗಲ್ ಡ್ರೈವ್‌ನಲ್ಲಿವೆ. ಪ್ರತಿ ರಾತ್ರಿ ಅವುಗಳ ಒಂದು ಪ್ರತಿಯನ್ನು ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಹೊಣೆ ನನ್ನ ಹೆಗಲೇರಿತು. ಕಂಪ್ಯೂಟರ್ ಬಲ್ಲವನೆಂಬ ಬಿರುದು ಒಮ್ಮೆ ಅಂಟಿದರೆ ಮುಗಿಯಿತು.

ಮೊದಲು ಪೈಥಾನ್‌ನಲ್ಲಿ ನಾನೇ ಬರೆದುಕೊಂಡೆ. ಜಾಣತನದಿಂದ ಪ್ರವೇಶದ ಟೋಕನ್ನನ್ನು, ಅಂದರೆ ಡ್ರೈವ್ ತೆರೆಯಲು ಗೂಗಲ್ ಕೊಡುವ ತಾತ್ಕಾಲಿಕ ಕೀಲಿಯನ್ನು, ಕೋಡ್‌ನೊಳಗೇ ಅಂಟಿಸಿದ್ದೆ. ಅದರ ಆಯುಸ್ಸು ಒಂದೇ ಗಂಟೆ. ಹದಿನಾಲ್ಕು ಕಡತ ಇಳಿದವು. ಹದಿನೈದನೆಯದನ್ನು ಕೇಳಿದಾಗ 401, ಅಂದರೆ ಕೀಲಿ ಸಲ್ಲದು ಎಂಬ ಉತ್ತರ. ಬೇಕಾದ ಹೊತ್ತಿಗೇ ಮಂತ್ರ ಮರೆತ ಕರ್ಣನ ಪಾಡು.

ಆಮೇಲೆ ಸಿಕ್ಕಿದ್ದು ಆರ್‌ಕ್ಲೋನ್. ಕಡತಗಳನ್ನು ನಕಲಿಸಲು ಗೋ ಎಂಬ ಕೋಡ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ, ಎಪ್ಪತ್ತಕ್ಕೂ ಹೆಚ್ಚು ಸಂಗ್ರಹ ಸೇವೆಗಳ ಜೊತೆ ಮಾತಾಡುತ್ತದೆ. ನನಗೆ ತುಂಬ ಹಿಡಿಸಿದ್ದು ಅದು ಅನುಮತಿ ಪಡೆಯುವ ರೀತಿ. ಈ ಯಂತ್ರದಲ್ಲಿ ಬ್ರೌಸರ್ ಇದೆಯೇ ಎಂದು ಕೇಳಿತು. ಪೈಗೆ ಪರದೆಯೇ ಇಲ್ಲ, ಬ್ರೌಸರ್ ಎಲ್ಲಿಂದ ಬರಬೇಕು? ಇಲ್ಲ ಎಂದು ಉತ್ತರಿಸಿದೆ. ಒಂದು ಸಾಲಿನ ಆದೇಶ ಕೊಟ್ಟು, ಬ್ರೌಸರ್ ಇರುವ ಯಂತ್ರದಲ್ಲಿ ಇದನ್ನು ಓಡಿಸು ಎಂದಿತು. ಲ್ಯಾಪ್‌ಟಾಪ್‌ನಲ್ಲಿ ಓಡಿಸಿ, ಖಾತೆಗೆ ಪ್ರವೇಶಿಸಿ ಒಪ್ಪಿಗೆ ಕೊಟ್ಟರೆ ಮೊಳದುದ್ದದ ಅಕ್ಷರಮಾಲೆ ಬಂತು. ತಂದು ಪೈನಲ್ಲಿ ಅಂಟಿಸಿದೆ. ಗಂಟೆಗೊಮ್ಮೆ ಹೊಸ ಟೋಕನ್ ತರುವ ಕೆಲಸ ಅಂದಿನಿಂದ ಅದರದೇ. ಎಷ್ಟು ಅಧಿಕಾರ ಬೇಕೆಂದು ಕೇಳಿದಾಗ ಓದಲು ಮಾತ್ರ ಎಂದು ಆರಿಸಿದ್ದೆ. ನನ್ನ ಕೋಡ್ ಎಷ್ಟೇ ಎಡವಟ್ಟಾದರೂ ಡ್ರೈವ್‌ನಲ್ಲಿರುವ ಮೂಲಕ್ಕೆ ಧಕ್ಕೆಯಿಲ್ಲ.

ಎಲ್ಲರೂ ಬಳಸುವ ಕ್ಲೈಂಟ್ ಐಡಿಯ (ಕೇಳುತ್ತಿರುವ ತಂತ್ರಾಂಶ ಯಾವುದೆಂದು ಗೂಗಲ್‌ಗೆ ತಿಳಿಸುವ ಗುರುತು) ಬದಲು ನಿಮ್ಮದೇ ಮಾಡಿಕೊಳ್ಳಿ ಎಂದು ಅದರ ಕೈಪಿಡಿ ಹೇಳುತ್ತದೆ. ಮಾಡಿಕೊಂಡೆ. ಆದರೆ ಗೂಗಲ್ ಕ್ಲೌಡ್‌ನ ಪುಟದಲ್ಲಿ ಅದನ್ನು ‘ಪರೀಕ್ಷೆ’ಯ ಸ್ಥಿತಿಯಲ್ಲೇ ಬಿಟ್ಟೆ. ಆ ಸ್ಥಿತಿಯಲ್ಲಿ ನವೀಕರಣದ ಟೋಕನ್, ಅಂದರೆ ಗಂಟೆಗೊಮ್ಮೆ ಹೊಸ ಟೋಕನ್ ತರಲು ಬಳಸುವ ಮೂಲ ಟೋಕನ್, 7 ದಿನಕ್ಕೆ ಸಾಯುತ್ತದೆಂದು ಅಲ್ಲೇ ದಾಖಲೆಯಲ್ಲಿದೆ. ಓದುವ ತಾಳ್ಮೆ ನನಗಿರಲಿಲ್ಲ. ಎಂಟನೆಯ ಬೆಳಿಗ್ಗೆ ಲಾಗ್ ತೆರೆದರೆ ‘ಇನ್‌ವ್ಯಾಲಿಡ್ ಗ್ರಾಂಟ್’, ಕೊಟ್ಟ ಒಪ್ಪಿಗೆ ಸಲ್ಲದು ಎಂದು. ಸ್ಥಿತಿ ಬದಲಿಸಿ, ರೀಕನೆಕ್ಟ್ ಆದೇಶದಿಂದ ಮತ್ತೆ ಒಪ್ಪಿಗೆ ಕೊಟ್ಟ ಮೇಲೆ ತಕರಾರಿಲ್ಲ.

ಕೊಂಕೂ ಇದೆ. ಗುಪ್ತಪದ ಇಟ್ಟು ಗೂಢಲಿಪೀಕರಿಸದಿದ್ದರೆ ಆರ್‌ಕ್ಲೋನ್ ತನ್ನ ಹೊಂದಿಕೆಗಳನ್ನು ಬರೆದಿಡುವ ಸಂರಚನೆಯ ಕಡತದಲ್ಲಿ ಟೋಕನ್ ಬರಿಗಣ್ಣಿಗೇ ಕಾಣುತ್ತದೆ. ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಅದನ್ನು ಅಪ್ಪಿತಪ್ಪಿಯೂ ಸೇರಿಸಬೇಡಿ. ‘ಸಿಂಕ್’ ಎಂಬ ಆದೇಶ ಮೂಲದಲ್ಲಿ ಇಲ್ಲದ ಕಡತವನ್ನು ನಿಮ್ಮ ಕಡೆಯಿಂದಲೂ ಅಳಿಸಿಬಿಡುತ್ತದೆ. ಡ್ರೈವ್‌ನಲ್ಲಿ ಯಾರೋ ಏನೋ ಅಳಿಸಿದರೆ ನನ್ನ ಪ್ರತಿಯೂ ಹೋದಂತೆ, ಹಾಗಾಗಿ ನನಗೆ ‘ಕಾಪಿ’ಯೇ ಸಾಕು. ಪ್ರಸಂಗದ ಟಿಪ್ಪಣಿಗಳಿರುವ ಗೂಗಲ್ ಡಾಕ್ಸ್ ಕಡತಗಳು ವರ್ಡ್ ರೂಪಕ್ಕೆ ತಿರುಗಿ ಬರುತ್ತವೆ, ಅದು ನನಗೆ ಅನುಕೂಲವೇ ಆಯಿತು.

ನನ್ನ ಪೈಥಾನ್ ಕೋಡ್ ಈಗ ಹನ್ನೊಂದು ಸಾಲು. ಆರ್‌ಕ್ಲೋನನ್ನು ಕರೆಯುತ್ತದೆ, ತಪ್ಪು ಬಂದರೆ ನನಗೆ ಮಿಂಚಂಚೆ ಕಳಿಸುತ್ತದೆ. ಇಳಿಸಿಕೊಂಡದ್ದನ್ನು ಮತ್ತೆ ಇಳಿಸುವುದಿಲ್ಲ. ನಿನ್ನೆ ರಾತ್ರಿ ಬಂದದ್ದು ಒಂದೇ ಕಡತ: ಶನಿವಾರದ ಕೂಟ, ಮೂರೂಕಾಲು ಗಂಟೆಯದು, ಕೊನೆಯ ಮಂಗಳದವರೆಗೂ ಪೂರ್ತಿ.