ಬಿನ್‌ವಾಕ್: ಬಿಚ್ಚುವ ಕೆಲಸಕ್ಕೆ ಸೈ, ಆಮೇಲಿನದು ನಿಮ್ಮ ಪಾಡು

ರೂಟರ್, ಕ್ಯಾಮೆರಾಗಳ ಫರ್ಮ್‌ವೇರ್ (ಸಾಧನದೊಳಗೆ ಓಡುವ ಸಾಫ್ಟ್‌ವೇರ್) ಫೈಲ್ ಸಿಕ್ಕಿದರೆ, ಭದ್ರತಾ ದೋಷ ಹುಡುಕಲು ನಾನು ಮೊದಲು ಓಡಿಸುವ ಟೂಲ್ ಬಿನ್‌ವಾಕ್. ಉಚಿತ, ಓಪನ್ ಸೋರ್ಸ್. ಫೈಲ್‌ನ ಉದ್ದಕ್ಕೂ ಗುರುತಿನ ಬೈಟ್‌ಗಳನ್ನು ಹುಡುಕುತ್ತಾ ಹೋಗಿ, ಇಲ್ಲಿ ಬೂಟ್‌ಲೋಡರ್ ಹೆಡರ್, ಇಲ್ಲಿ ಕರ್ನಲ್, ಇಲ್ಲಿಂದ ಸ್ಕ್ವಾಷ್‌ಎಫ್‌ಎಸ್ (ಒತ್ತಿ ಚಿಕ್ಕದಾಗಿಸಿದ ಫೈಲ್ ಸಿಸ್ಟಮ್) ಶುರು ಅಂತ ಆಫ್‌ಸೆಟ್ (ಎಷ್ಟನೇ ಬೈಟ್‌ನಲ್ಲಿದೆ ಅನ್ನುವುದು) ಸಮೇತ ತೋರಿಸುತ್ತದೆ. ಎಕ್ಸ್‌ಟ್ರಾಕ್ಟ್ ಆಪ್ಷನ್ ಕೊಟ್ಟರೆ ಇಡೀ ಫೈಲ್ ಸಿಸ್ಟಮ್ಮೇ ಹೊರಗೆ.

ಹಳೆಯ ಪೈಥಾನ್ ಆವೃತ್ತಿಯ ದೊಡ್ಡ ಕಾಟ ಸುಳ್ಳು ಗುರುತುಗಳು. ನಾಲ್ಕು ಬೈಟ್ ಹೊಂದಿಕೆಯಾದರೆ ಸಾಕು, ಇಲ್ಲದ್ದನ್ನೆಲ್ಲ ಇದೆ ಅನ್ನುತ್ತಿತ್ತು. 2024ರಲ್ಲಿ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಮೂರನೇ ಆವೃತ್ತಿ ಈ ವಿಷಯದಲ್ಲಿ ಎಷ್ಟೋ ವಾಸಿ, ವೇಗವೂ ಜಾಸ್ತಿ. ಆದರೆ ಕೆಲವು ಕಂಪನಿಗಳು ಸ್ಕ್ವಾಷ್‌ಎಫ್‌ಎಸ್ಸನ್ನೇ ತಿರುಚಿ ಬಳಸುತ್ತವೆ, ಅದನ್ನು ಬಿಚ್ಚಲು ಸ್ಯಾಸ್ಕ್ವಾಚ್ ಅನ್ನುವ ಬೇರೆ ಟೂಲ್ ಬೇಕು, ಆ ಟೂಲನ್ನು ಹೊಸ ಜಿಸಿಸಿ ಕಂಪೈಲರ್‌ನಲ್ಲಿ ಕಂಪೈಲ್ ಮಾಡಲು ಹೋದರೆ ತಾಳ್ಮೆ ಪರೀಕ್ಷೆ. ಸುಮ್ನೆ ಡಾಕರ್ ಇಮೇಜ್ (ಬೇಕಾದ್ದೆಲ್ಲ ಸೇರಿಸಿ, ಉಳಿದ ಕಂಪ್ಯೂಟರ್‌ನಿಂದ ಬೇರ್ಪಡಿಸಿ ಓಡಿಸುವ ಪ್ಯಾಕೇಜ್) ಬಳಸಿ.

ಡಾಕರ್‌ಗೆ ಇನ್ನೊಂದು ಕಾರಣವೂ ಇದೆ. ಸಿವಿಇ-2022-4510 ನೆನಪಿದೆಯಾ? (ಸಿವಿಇ ಅಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ.) ಬೇಕಂತಲೇ ಹೆಣೆದ ಪಿಎಫ್‌ಎಸ್ (ಇನ್ನೊಂದು ಬಗೆಯ ಫೈಲ್ ಸಿಸ್ಟಮ್) ಫೈಲ್ ಒಂದನ್ನು ಬಿನ್‌ವಾಕ್ ಬಿಚ್ಚಿದರೆ, ಅದು ಗೊತ್ತುಮಾಡಿದ ಫೋಲ್ಡರ್ ದಾಟಿ ಬಿನ್‌ವಾಕ್‌ನ ಪ್ಲಗಿನ್ ಜಾಗದಲ್ಲೇ ಕೋಡ್ ಬರೆಯಬಹುದಿತ್ತು! ದೀಪದ ಬುಡದಲ್ಲೇ ಕತ್ತಲೆ ಅಲ್ವಾ. 2.3.4ರಲ್ಲಿ ಸರಿಪಡಿಸಿದರು.

ಏನೂ ಸಿಗದಿದ್ದರೆ ಎಂಟ್ರೊಪಿ (ಬೈಟ್‌ಗಳು ಎಷ್ಟು ಯಾದೃಚ್ಛಿಕವಾಗಿವೆ ಅನ್ನುವ ಅಳತೆ) ಗ್ರಾಫ್ ನೋಡಿ. ಗೆರೆ ಮೊದಲಿನಿಂದ ಕೊನೆಯವರೆಗೆ ಮೇಲೆಯೇ ಸಪಾಟಾಗಿದ್ದು ಒಂದೂ ಗುರುತು ಇಲ್ಲದಿದ್ದರೆ ಬಹುಶಃ ಎನ್‌ಕ್ರಿಪ್ಟ್ ಆಗಿದೆ. ಆಗ ಅದೇ ಸಾಧನದ ಹಳೆಯ ಅಪ್‌ಡೇಟ್‌ಗಳನ್ನು ಹುಡುಕಿ. ಎನ್‌ಕ್ರಿಪ್ಷನ್ ಶುರುವಾಗುವ ಮುಂಚಿನ ಆವೃತ್ತಿಯಲ್ಲಿ, ಮುಂದಿನದನ್ನು ಬಿಚ್ಚುವ ಕೀ ಎಷ್ಟೋ ಸಲ ಹಾಗೇ ಬಿದ್ದಿರುತ್ತದೆ.

ಬಿಚ್ಚಿದ ಮೇಲೆ ಬಿನ್‌ವಾಕ್ ಕೈತೊಳೆದುಕೊಳ್ಳುತ್ತದೆ. ಪಾಸ್‌ವರ್ಡ್‌ಗಳ ಶ್ಯಾಡೋ ಫೈಲ್‌ನಲ್ಲಿ ರೂಟ್ (ಪೂರ್ಣ ಅಧಿಕಾರದ ಖಾತೆ) ಪಾಸ್‌ವರ್ಡ್ ಹ್ಯಾಷ್ ಇದೆಯಾ, ಸ್ಟಾರ್ಟಪ್ ಸ್ಕ್ರಿಪ್ಟ್ ಟೆಲ್ನೆಟ್ (ದೂರದಿಂದ ಒಳಹೊಕ್ಕುವ ಹಳೆಯ ದಾರಿ) ತೆರೆಯುತ್ತಾ, ವೆಬ್ ಪುಟದಲ್ಲಿ ಬಳಕೆದಾರ ಟೈಪ್ ಮಾಡಿದ್ದು ನೇರ ಶೆಲ್ ಕಮಾಂಡ್ ಒಳಗೆ ಸೇರುತ್ತಾ, ಇದೆಲ್ಲ ನೀವೇ ಕೂತು ನೋಡಬೇಕು. ಕೊನೆಯದಕ್ಕೆ ಎಷ್ಟೋ ಸಲ ಗಿಡ್ರಾದಂಥ, ಕಂಪೈಲ್ ಆದ ಪ್ರೋಗ್ರಾಂ ಬಿಡಿಸಿ ಓದುವ ಟೂಲ್ ಬೇಕು. ಎಲ್ಲವನ್ನೂ ಒಂದೇ ಏಟಿಗೆ ಮಾಡಿಕೊಡುವ ಎಂಬಾ (EMBA) ಅನ್ನುವ ಟೂಲ್ ಇದೆ, ವರದಿಯೂ ಚೆನ್ನಾಗಿದೆ. ಆದರೆ ಅದು ಕೊಡುವ ಸಿವಿಇ ಪಟ್ಟಿಯ ಬಹುಭಾಗ ಸಾಫ್ಟ್‌ವೇರ್ ಆವೃತ್ತಿ ಸಂಖ್ಯೆ ನೋಡಿ ಹೇಳಿದ್ದು. ಕಂಪನಿ ಹಳೆಯ ಆವೃತ್ತಿಗೇ ತೇಪೆ ಹಾಕಿರಬಹುದು, ಆ ಭಾಗ ಕಂಪೈಲೇ ಆಗಿರದೆ ಇರಬಹುದು. ಆ ಪಟ್ಟಿಯನ್ನು ಹಾಗೇ ಕಾಪಿ ಮಾಡಿ ಕಂಪನಿಗೆ ಕಳಿಸಬೇಡಿ, ಓದುವವರಿಗೂ ಹಿಂಸೆ.