ಮಕ್ಕಳನ್ನು ಗದ್ದೆಗೆ ಇಳಿಸುವ ತೋಟ

ಮಂಡ್ಯದ ಹತ್ತಿರ ಶಾಲೆ ಮಕ್ಕಳಿಗೆ ಬೇಸಾಯ ಕಲಿಸುವ ತೋಟವೊಂದಕ್ಕೆ ಮಗಳನ್ನು ಕಳಿಸಿದ್ದೆ, ತುಂಬಾ ಇಷ್ಟವಾಯಿತು. ಸುಮ್ನೆ ಗದ್ದೆ ತೋರಿಸಿ ಫೋಟೋ ತೆಗೆಯುವ ಜಾಗ ಅಲ್ಲ. ಮಕ್ಕಳೇ ಕೆಸರಿಗಿಳಿದು, ಹಗ್ಗ ಎಳೆದ ಸಾಲಿನಲ್ಲಿ ಗುಣಿಗೆ ಎರಡು ಮೂರು ಪೈರಿನಂತೆ ಭತ್ತ ನಾಟಿ ಮಾಡುತ್ತಾರೆ. ತುಂಬಾ ಆಳಕ್ಕೆ ಊರಿದರೆ ತೆಂಡೆ, ಅಂದರೆ ಬುಡದಿಂದ ಬರುವ ಹೊಸ ಕವಲು, ಕಡಿಮೆ ಒಡೆಯುತ್ತದೆ ಅಂತ ಅಲ್ಲಿನ ಅಜ್ಜಿಯೊಬ್ಬರು ಪಕ್ಕದಲ್ಲೇ ಬಗ್ಗಿ ತೋರಿಸುತ್ತಾರೆ. ಜೀವಾಮೃತ ಅನ್ನೋ ದ್ರವ ಗೊಬ್ಬರವನ್ನೂ ಮಕ್ಕಳೇ ಕಲಸಬೇಕು: 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಊಟಕ್ಕೆ ಮುದ್ದೆ, ಬಸ್ಸಾರು. ನೆರಳು ಕಡಿಮೆ, ಟೋಪಿ ಕೊಟ್ಟು ಕಳಿಸಿ. ತಕರಾರು ಒಂದೇ. ನಾಟಿ ಮಾಡಿದ ಮಕ್ಕಳನ್ನೇ ಕೊಯ್ಲಿಗೂ ಕರೆಯಬೇಕಲ್ವಾ? ಅದಕ್ಕೆ ಬೇರೆ ಟಿಕೆಟ್ ಇಟ್ಟಿದ್ದಾರೆ, ಅದೂ ಜಾಸ್ತಿ ಆಯಿತು.