ಚರ್ಚೆಯ ಕುರ್ಚಿಯಲ್ಲಿ ಮತ್ತೆ ಅವರೇ

ಎರಡು ವರ್ಷ ಹಣ ಕಟ್ಟಿ ನೋಡಿದ ಒಂದು ಕನ್ನಡ ಸುದ್ದಿ ವಾಹಿನಿಯನ್ನು ಕಳೆದ ತಿಂಗಳು ಕೇಬಲ್ ಪಟ್ಟಿಯಿಂದ ತೆಗೆಸಿದೆ. ಕಾರಣ, ಅದರ ರಾತ್ರಿ ಚರ್ಚೆ.

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಗುಡ್ಡ ಜರಿದರೆ ಆ ಚರ್ಚೆಯಲ್ಲಿ ಒಬ್ಬರು ಮಾತನಾಡುತ್ತಾರೆ. ಸಿದ್ದಾಪುರದ ಕಡೆ ಆನೆ ತೋಟಕ್ಕೆ ನುಗ್ಗಿದರೂ ಅವರೇ, ಕಾಫಿ ಬೆಲೆ ಕುಸಿದರೂ ಅವರೇ. ಬ್ರಿಟನ್ನಿನಲ್ಲಿ ಇಂಥವರನ್ನು ‘ರೆಂಟ್-ಎ-ಕ್ವೋಟ್’ ಎನ್ನುತ್ತಾರೆ, ಅಂದರೆ ಬಾಡಿಗೆಗೆ ಸಿಗುವ ಹೇಳಿಕೆ. ಯಾವ ವಿಷಯಕ್ಕೂ ಕೇಳಿದೊಡನೆ ಬಾಯಿ ತೆರೆಯುವ ಸಂಸದರಿಗೆ ಅಲ್ಲಿ ಈ ಹೆಸರು ಅಂಟುತ್ತದೆ. ಬಾಡಿಗೆ ಎಂದರೂ ದುಡ್ಡು ಬೇಕಿಲ್ಲ, ಒಂದು ಫೋನ್ ಕರೆ ಸಾಕು. ಇಂಥ ಅತಿಥಿಗೆ ಫ್ರೆಂಚ್ ಮಾಧ್ಯಮದವರ ಮಾತು ‘ಬಾನ್ ಕ್ಲಿಯಾನ್’, ಅಂದರೆ ಒಳ್ಳೆಯ ಗಿರಾಕಿ. ಇದು ತಿಳಿದ ದಿನ ನನಗೆ ಸಿಟ್ಟು ಬಂತು. ತಿಂಗಳು ತಿಂಗಳು ಹಣ ಕಟ್ಟುವ ನಾನೇ ಗಿರಾಕಿ ಎಂದುಕೊಂಡಿದ್ದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಗುಡ್ಡಗಳು ಕುಸಿದವು. ಆ ವಾರದ ಮಳೆಯನ್ನು ನಮ್ಮ ಮಾವನವರು ದಿನವೂ ಬೆಳಿಗ್ಗೆ ಮಾಪಕ ನೋಡಿ ಇಂಚಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಕೊಡಗಿನ ಎಷ್ಟೋ ತೋಟಗಳಲ್ಲಿ ಇಂಥ ಪುಸ್ತಕ ಇದೆ. ಮನೆಗೂ ರಸ್ತೆಗೂ ಇಳಿಜಾರನ್ನು ಎಲ್ಲೆಲ್ಲಿ ಗೋಡೆಯಂತೆ ಕಡಿದಿದ್ದರು, ನೀರು ಕುಡಿದ ಮಣ್ಣು ಎಲ್ಲಿ ಮೊದಲು ಬಾಯಿ ಬಿಟ್ಟಿತು ಎಂಬುದನ್ನು ಊರಿನವರು ಬೆರಳಿಟ್ಟು ತೋರಿಸಬಲ್ಲರು. ಸ್ಟುಡಿಯೊದಲ್ಲಿ ಕುಳಿತವರು ನಮ್ಮ ಊರಿನ ಹೆಸರನ್ನೂ ತಪ್ಪಾಗಿ ಹೇಳಿ, ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟರು. ನೆಲ ಕಳೆದುಕೊಂಡವರ ಎದುರು ಹಾಗೆ ಮಾತನಾಡಬಾರದು.

ವಾಹಿನಿಯ ವರದಿಗಾರರ ಮೇಲೆ ನನ್ನ ದೂರಿಲ್ಲ. ಈ ಮಳೆಗಾಲದಲ್ಲಿ ಒಬ್ಬ ಹುಡುಗ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ವಿಷಯ ಹೇಳಿದ. ಅವನಿಗೆ ಸಿಕ್ಕಿದ್ದು ಅರ್ಧ ನಿಮಿಷ, ಚರ್ಚೆಗೆ ಒಂದು ಗಂಟೆ. ಅದು ತಿರುಗುಮುರುಗಾದರೆ ಮರುದಿನವೇ ಮತ್ತೆ ಹಣ ಕಟ್ಟುತ್ತೇನೆ.

ಈಗ ಸಂಜೆ ಮಡಿಕೇರಿ ಆಕಾಶವಾಣಿ ಕೇಳುತ್ತೇನೆ. ಕನ್ನಡದ ಜೊತೆ ಕೊಡವ, ಅರೆಭಾಷೆಯ ಕಾರ್ಯಕ್ರಮಗಳೂ ಬರುತ್ತವೆ. ಒಮ್ಮೆ ಕಾಯಿ ಉದುರುವ ಬಗ್ಗೆ ಯಾರೋ ಕೇಳಿದ್ದಕ್ಕೆ ಅಧಿಕಾರಿಯೊಬ್ಬರು, “ನೋಡದೆ ಹೇಳಲಾರೆ, ರೆಂಬೆ ತಂದು ತೋರಿಸಿ” ಎಂದರು. ನಮ್ಮ ತೋಟದಲ್ಲೂ ಅದೇ ತೊಂದರೆ. ಮರುದಿನ ಒಂದು ರೆಂಬೆ ಮುರಿದು, ಚೀಲದಲ್ಲಿಟ್ಟುಕೊಂಡು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋಗುವ ಬಸ್ ಹತ್ತಿದೆ.